ವಾಡಿ ನಾಕಾಕ್ಕೆ ಬಂದ ಹಂದಿಮೀನಿನ ಕೈ

ಮಾರಾಟ ತೆರಿಗೆ ಇಲಾಖೆಗೆ ಹೊಸದಾಗಿ ಸೇರಿದ ಹುಡುಗರು ಆಗಾಗ ನಮ್ಮ ಮನೆಯ ಕಟ್ಟೆಗೆ ಬಂದು ಕೂರುತ್ತಾರೆ. "ಅಜ್ಜಾರ, ನೀವು ಹಿಡಿದ ದೊಡ್ಡ ಮಾಲು ಯಾವ್ದ್ರಿ?" ಎಂದು ಕೇಳುತ್ತಾರೆ. ಬಂಗಾರ ಎನ್ನಲಿ, ಅಫೀಮು ಎನ್ನಲಿ ಎಂದು ಅವರ ಆಸೆ. ನಾನು "ಹಂದಿಮೀನು" ಎಂದರೆ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಅರವತ್ತಕ್ಕೆ ಅರಳುಮರಳು ಎನ್ನುತ್ತಾರಲ್ಲ, ಮುದುಕನಿಗೆ ಅದೇ ಹಿಡಿದಿದೆ ಎಂದು ಅವರ ಕಣ್ಣು ಹೇಳುತ್ತದೆ. ಬಾಯಿಂದ ಹೇಳಿ ಹೇಳಿ ಸಾಕಾಗಿ ಈಗ ಬರೆಯಲು ಕೂತಿದ್ದೇನೆ. ಬಡ್ತಿ ಯಾವಾಗ ಸಿಕ್ಕಿತು, ವರ್ಗ ಎಲ್ಲಿಗಾಯಿತು ಎಂದೆಲ್ಲ ಬರೆದು ನಿಮ್ಮ ತಲೆ ತಿನ್ನುವುದಿಲ್ಲ. ಬೆಚ್ಚಿಬಿದ್ದ ಸಂಗತಿಗಳನ್ನು ಮಾತ್ರ ಬರೆಯುತ್ತೇನೆ.

ನಾನು ಮೊದಲು ಸೇರಿದ್ದು ನಿಜಾಮರ ಸರಕಾರದ ಕರೋಡಗಿರಿಗೆ. ಕರೋಡಗಿರಿ ಎಂದರೆ ಹೊರಗಿನಿಂದ ಬರುವ ಸರಕಿಗೆ ಸುಂಕ ಹಾಕುವ ಇಲಾಖೆ. ಇಂಗ್ಲಿಷರ ಸೀಮೆಯಿಂದ ಬಂದ ಮಾಲು ವಾಡಿ ಜಂಕ್ಷನ್ನಿನಲ್ಲಿ ಇಳಿಯುತ್ತಿತ್ತು. ನಾವು ಅದನ್ನು ಬಿಚ್ಚಿ, ಮೂಸಿ, ಸುಂಕ ಕಟ್ಟಿಸಿಕೊಂಡ ಮೇಲೆ ಅದು ನಿಜಾಮರ ರೈಲು ಹತ್ತಿ ಚಿತ್ತಾಪುರ, ಸೇಡಂ ದಾಟಿ ಹೈದರಾಬಾದಿಗೆ ಹೋಗುತ್ತಿತ್ತು. ಶಹಾಬಾದಿನ ಕಲ್ಲು ಹೊರಗೆ ಹೋಗುತ್ತಿತ್ತು, ಲೋಕದ ಉಳಿದ ಸಾಮಾನೆಲ್ಲ ಒಳಗೆ ಬರುತ್ತಿತ್ತು.

ನಾನು ದಂಡೋತಿಯವನು, ಕಾಗಿಣಾ ಹೊಳೆಯ ದಂಡೆಯಲ್ಲಿ ಹುಟ್ಟಿದವನು. ಬೇಸಿಗೆಯಲ್ಲಿ ಮೊಣಕಾಲು ಮುಳುಗದ ಆ ಹೊಳೆಯೇ ನಾನು ಕಂಡ ದೊಡ್ಡ ನೀರು. ಸಮುದ್ರ ಎಂದರೆ ಪುರಾಣದ ಮಾತು. ನಮ್ಮದು ಲಿಂಗವಂತರ ಮನೆ, ಮೀನು ಎಂಬ ಶಬ್ದವನ್ನು ಕೂಡ ಉಣ್ಣುವ ಹೊತ್ತಿನಲ್ಲಿ ಆಡುತ್ತಿರಲಿಲ್ಲ. ಅಂಥವನ ಹಣೆಬರಹದಲ್ಲಿ ಕಡಲ ಪ್ರಾಣಿಗಳ ಸಹವಾಸ ಬರೆದಿತ್ತು.

ನಮ್ಮ ನಾಕಾದ, ಅಂದರೆ ಸುಂಕದ ಕಟ್ಟೆಯ, ಮೇಲಧಿಕಾರಿಗೆ ಎಲ್ಲರೂ ಅಮೀನ್ ಸಾಹೇಬರು ಎನ್ನುತ್ತಿದ್ದೆವು. ಹೈದರಾಬಾದು ಶಹರಿನವರು, ಮಾಸಿದ ಶೇರವಾನಿ, ಕೆಂಪು ಟೋಪಿ. ಮಾತಿನಲ್ಲಿ ಮೆತ್ತಗೆ, ಕೆಲಸದಲ್ಲಿ ಯಮ. "ಕಣ್ಣು ಮೋಸ ಹೋಗ್ತದ ಮಿಯಾ, ಮೂಗು ಹೋಗಲ್ಲ" ಎನ್ನುವುದು ಅವರ ಪಾಠ. ಹುಣಸೆಹಣ್ಣಿನಲ್ಲಿ ಬಚ್ಚಿಟ್ಟ ಇಂಗನ್ನು ಚೀಲ ಬಿಚ್ಚದೆ ಹಿಡಿಯುತ್ತಿದ್ದರು. ಈಗ ನೀವು ಕಾಗದ ನೋಡುತ್ತೀರಿ, ಮುದ್ರೆ ನೋಡುತ್ತೀರಿ, ಚೀಲದ ಹತ್ತಿರ ಹೋಗುವುದೇ ಇಲ್ಲ. ನಾವು ಸಂಜೆ ಮನೆಗೆ ಹೋದಾಗ ಹೆಂಡಿರು ನಮ್ಮನ್ನು ಹಿತ್ತಲಿನಿಂದಲೇ ಒಳಗೆ ಕರೆದುಕೊಳ್ಳುತ್ತಿದ್ದರು.

ಮೊದಲ ಪೆಟ್ಟು ಬಿದ್ದದ್ದು ಕೆಲಸಕ್ಕೆ ಸೇರಿದ ಹೊಸದರಲ್ಲೇ. ಮುಂಬಯಿಯಿಂದ ಬಂದ ಅತ್ತರಿನ ವ್ಯಾಪಾರಿಯೊಬ್ಬರ ಪೆಟ್ಟಿಗೆ ಬಿಚ್ಚಿದೆ. ಸೀಸೆಗಳ ನಡುವೆ ರೇಷ್ಮೆ ಬಟ್ಟೆಯಲ್ಲಿ ಸುತ್ತಿಟ್ಟ ಬೂದು ಬಣ್ಣದ ಉಂಡೆಯೊಂದಿತ್ತು. ಮೂಸಿದೆ, ದನದ ಕೊಟ್ಟಿಗೆಯ ವಾಸನೆ. ಸಾಹೇಬರ ಮೇಜಿನ ಮೇಲೆ ಇಂಥ ಹೊಲಸು ಇಡುವುದೇ ಎಂದು ಎಡಗೈಯಲ್ಲಿ ಎತ್ತಿ ಕಿಟಕಿಯಾಚೆ ಬೇವಿನ ಗಿಡದ ಬುಡಕ್ಕೆ ಒಗೆದೆ. ವ್ಯಾಪಾರಿ ಎದೆ ಹಿಡಿದುಕೊಂಡು ಕೂತುಬಿಟ್ಟರು. ಅಮೀನ್ ಸಾಹೇಬರು ಬರಿಗಾಲಲ್ಲಿ ಓಡಿದರು.

"ಅರೇ ಮಿಯಾ, ಏನ್ ಮಾಡ್ದಿ? ಅದು ಅಂಬರ್ ಅದ!"

ಉಂಡೆಯನ್ನು ಒರೆಸಿ ತಂದು, ಸೂಜಿಯೊಂದನ್ನು ದೀಪದಲ್ಲಿ ಕಾಸಿ ಅದಕ್ಕೆ ಚುಚ್ಚಿದರು. ತೆಳ್ಳಗೆ ಹೊಗೆ ಎದ್ದಿತು. ಕೊಟ್ಟಿಗೆಯ ವಾಸನೆ ಹೋಗಿ ಇಡೀ ಕೋಣೆಗೆ ಎಂಥದೋ ಸುವಾಸನೆ ಹಬ್ಬಿತು. ಇದೇನು ಹೂವು ಎಂದು ಕೇಳಿದೆ.

"ಹೂವಲ್ಲ. ತಿಮಿಂಗಿಲದ ಹೊಟ್ಟ್ಯಾಗಿಂದು. ಸಮುದ್ರದ ದಂಡಿಗಿ ಬಂದು ಬೀಳ್ತದ. ನವಾಬರು ಅತ್ತರಿಗಿ ಹಾಕ್ತಾರ, ಹಕೀಮರು ಮಾಜೂನಿಗಿ ಹಾಕ್ತಾರ."

ನಮ್ಮ ದೊಡ್ಡಪ್ಪ ಚಳಿಗಾಲದುದ್ದಕ್ಕೂ ಚಿತ್ತಾಪುರದ ಹಕೀಮರೊಬ್ಬರ ಮಾಜೂನನ್ನು, ಅಂದರೆ ಲೇಹ್ಯವನ್ನು, ಬೆರಳು ನೆಕ್ಕಿ ತಿನ್ನುತ್ತಿದ್ದರು. ಅದರಲ್ಲಿ ಅಂಬರ್ ಇದೆ ಎಂದು ಹಕೀಮರು ಹೆಮ್ಮೆಯಿಂದ ಹೇಳಿದ್ದರು. ಕಾಶ್ಮೀರದ ಕಡೆಯ ಬೇರು ಇದ್ದೀತು ಎಂದು ನಾವು ತಿಳಿದಿದ್ದೆವು. ಮೀನು ಮಾರುವವರ ನೆರಳು ಬಿದ್ದರೂ ಸ್ನಾನ ಮಾಡುತ್ತಿದ್ದ ಮನುಷ್ಯ ತಿಮಿಂಗಿಲದ ಹೊಟ್ಟೆಯ ಮಾಲು ತಿಂದು ಗಟ್ಟಿಮುಟ್ಟಾಗಿದ್ದರು. ನಾನು ಅವರಿಗೆ ಹೇಳಲಿಲ್ಲ. ಕೈಲಾಸದ ಕಡೆ ಹೊರಟವರ ಗಂಟನ್ನು ನಡುದಾರಿಯಲ್ಲಿ ಬಿಚ್ಚಿಸಬಾರದು.

ಎರಡನೆಯ ಸಲ ಎಡವಿದ್ದು ನಾನಲ್ಲ, ಸ್ವತಃ ಅಮೀನ್ ಸಾಹೇಬರು. ಅವತ್ತು ಅವರಿಗೆ ನೆಗಡಿ. ಕರಾವಳಿಯಿಂದ ಬಂದ ಎಣ್ಣೆ ಡಬ್ಬಿಯೊಂದು ಸೋರುತ್ತಿತ್ತು. ಕಟ್ಟಿದ ಮೂಗಿನಿಂದ ಮೂಸಿ "ಗಾಲಿ ಎಣ್ಣಿ" ಎಂದುಬಿಟ್ಟರು. ಸೋರಿ ಹೋಗುವುದು ಹೇಗೂ ಹೋಗುತ್ತದೆ ಎಂದು ಅವರ ಟಾಂಗಾದವನು ಅದನ್ನೇ ಗಾಲಿಗೆ ಸವರಿಕೊಂಡ. ಅದು ಹಂದಿಮೀನಿನ ಎಣ್ಣೆ, ಇಂಗ್ಲಿಷಿನಲ್ಲಿ ಡಾಲ್ಫಿನ್ ಎನ್ನುತ್ತಾರಲ್ಲ ಅದರದು. ಕಡಲ ಕಡೆಯವರು ದೋಣಿಯ ಹಲಗೆಗೆ ಬಳಿಯುವಂಥದು. ಸಾಹೇಬರು ಚಿತ್ತಾಪುರದಲ್ಲಿ ಒಂದು ಮದುವೆಗೆ ಹೊರಟರೆ ವಾಡಿಯ ನಾಯಿಗಳೆಲ್ಲ ದಿಬ್ಬಣದಂತೆ ಹಿಂದೆ ಹೊರಟವು, ದಾರಿಯ ಹಳ್ಳಿಗಳ ನಾಯಿಗಳೂ ಸೇರಿಕೊಂಡವು. ಮದುವೆ ಮನೆಯವರು ಮದುಮಗನನ್ನು ಬಿಟ್ಟು ಟಾಂಗಾ ನೋಡಲು ಬಂದರಂತೆ. ಇದನ್ನು ಸಾಹೇಬರೇ ನಗುತ್ತ ಹೇಳಿದ್ದು.

ಹೀಗೆ ನಗುತ್ತಿದ್ದ ನಮಗೆ ನಗುವುದನ್ನೇ ಮರೆಸಿದ ದಿನವೊಂದು ಬಂತು. ದೊಡ್ಡ ಯುದ್ಧ ಇನ್ನೂ ಶುರುವಾಗಿರಲಿಲ್ಲ. ಹೊಟಗಿ ಕಡೆಯಿಂದ ಬಂದ ಮುಂಜಾನೆಯ ರೈಲಿನಿಂದ ಹಮಾಲರು ಸಾಮಾನು ಇಳಿಸುತ್ತಿದ್ದರು. ಉದ್ದನೆಯ ಪೆಟ್ಟಿಗೆಯೊಂದು ಒಬ್ಬನ ಹೆಗಲಿನಿಂದ ಜಾರಿ ಫರಸಿ ಕಲ್ಲಿನ ಮೇಲೆ ಬಿತ್ತು. ಹಲಗೆ ಒಡೆಯಿತು. ಒಳಗಿನಿಂದ ಹುಲ್ಲು ಬಂತು, ಉಪ್ಪು ಸುರಿಯಿತು, ಆಮೇಲೆ ಒಂದು ಕೈ ಹೊರಗೆ ಚಾಚಿತು.

ಹಮಾಲ ಚೀರಿ ಓಡಿಹೋದ. ನಾನು ಅಲ್ಲೇ ನಿಂತು ನೋಡಿದೆ. ಮಾಂಸವಿಲ್ಲದ, ಬರೀ ಎಲುಬಿನ ಕೈ. ಐದು ಬೆರಳು. ಒಂದೊಂದು ಬೆರಳಿನ ತುಂಡುಗಳನ್ನೂ ಹುರಿಯಿಂದ ಸಾಲಾಗಿ ಕಟ್ಟಿತ್ತು. ಮಣಿಕಟ್ಟಿನ ಸಣ್ಣ ಕಲ್ಲಿನಂಥ ಎಲುಬುಗಳು, ಅವುಗಳ ಹಿಂದೆ ಗಿಡ್ಡ ತೋಳು, ಅಗಲವಾದ ರಟ್ಟೆಯ ಎಲುಬು. ಅಮೀನ್ ಸಾಹೇಬರು ಬಂದು ಹುಲ್ಲು ಸರಿಸಿಸಿದರು. ಇನ್ನೊಂದು ಕೈ ಬಂತು. ಪಕ್ಕೆಲುಬು ಬಂದವು. ಬೆನ್ನೆಲುಬು ಬಂತು. ತಲೆ ಬರಲಿಲ್ಲ.

ಪೆಟ್ಟಿಗೆಯ ಜೊತೆ ಬಂದವನು ಜಟ್ಟಿ ಎಂಬ ಹೆಸರಿನ ಬೆಸ್ತ. ಕಾರವಾರದ ಕಡೆಯವನು, ಮೂವತ್ತರ ಆಸುಪಾಸು, ತಲೆಗೆ ವಸ್ತ್ರ ಸುತ್ತಿದ್ದ. ನಾವು ಹೆದರಿದ್ದು ಕಂಡು ಅವನು ಬಿದ್ದು ಬಿದ್ದು ನಕ್ಕ. ಅದೇ ಅವನಿಗೆ ಮುಳುವಾಯಿತು.

"ಅಯ್ಯೋ ಒಡ್ಯಾ, ಮನಷರದ್ದಲ್ಲ ಅದು. ಹಂದಿಮೀನಿಂದು."

"ಮೀನಿಗಿ ಕೈ ಇರ್ತಾವೇನೋ?" ಎಂದರು ಅಮೀನ್ ಸಾಹೇಬರು.

"ಇರ್ತವೆ ಒಡ್ಯಾ. ಹೊರಗಿಂದ ನೋಡಿರೆ ರೆಕ್ಕೆ, ಒಳಗೆ ಕೈ."

"ತಲಿ ಎಲ್ಲದ?"

"ತಲೆ ನಾನೇ ಬೇರೆ ಮಾಡಿದೆ. ಭಾರೀ ಉದ್ದ, ಇದ್ರಲ್ಲಿ ಹಿಡೂದಿಲ್ಲ. ಬೇರೆ ಪೆಟ್ಟಿಗೇಲಿ ಇತ್ತು, ಹೊಟಗೀಲಿ ರೈಲು ಬದ್ಲ ಮಾಡುವಾಗ ಹಿಂದೆ ಉಳೀತು."

ತಲೆ ನಾನೇ ಬೇರೆ ಮಾಡಿದೆ! ಆ ಮಾತು ಪ್ಲಾಟ್‌ಫಾರ್ಮಿನ ಆ ತುದಿಯಿಂದ ಈ ತುದಿಗೆ ಹೋಗಿ ಮುಟ್ಟುವಷ್ಟರಲ್ಲಿ ಪೊಲೀಸ್ ಜಮಾದಾರ ಬಂದ. ಅವನ ಹಿಂದೆ ಅರ್ಧ ಊರು ಬಂತು.

ಇಲ್ಲಿ ಒಂದು ಮಾತು ಹೇಳಬೇಕು. ಶಹಾಬಾದಿನ ಹತ್ತಿರದ ಹಳ್ಳಿಯೊಂದರಿಂದ ನೀಲವ್ವ ಎಂಬ ಹರೆಯದ ವಿಧವೆ ಕಾಣೆಯಾಗಿ ಒಂದು ತಿಂಗಳಾಗಿತ್ತು. ಹೊಳೆಗೆ ಬಟ್ಟೆ ಒಗೆಯಲು ಹೋದವಳು ತಿರುಗಿ ಬಂದಿರಲಿಲ್ಲ. ಕಾಗಿಣಾ ಎಳೆದುಕೊಂಡಿತು ಎಂದು ಕೆಲವರು. ಕಲ್ಲಿನ ಗಣಿಯಲ್ಲಿ ಕೆಲಸಕ್ಕಿದ್ದ ಬೇರೆ ಜಾತಿಯವನ ಸಂಗಡ ಓಡಿಹೋದಳು ಎಂದು ಉಳಿದವರು. ಈಗ ಮೂರನೆಯ ಕತೆ ಪೆಟ್ಟಿಗೆಯಿಂದ ಹೊರಗೆ ಬಂದು ಬಿದ್ದಿತ್ತು. ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ, ಎಲ್ಲರ ಮನಸ್ಸಿಗೂ ಒಂದೇ ಹೆಸರು ಬಂದಿತ್ತು.

ಜಮಾದಾರ ಮಾಲಖಾನೆಯಲ್ಲೇ ವಿಚಾರಣೆಗೆ ಕೂತ. ಬರೆದುಕೊಳ್ಳಲು ನನ್ನನ್ನು ಕೂರಿಸಿದರು. ಅಂಥ ವಿಚಾರಣೆಯನ್ನು ನಾನು ಮುಂದೆ ಎಂದೂ ಕಾಣಲಿಲ್ಲ. ಜಟ್ಟಿ ಹೇಳಿದ ಒಂದೊಂದು ಮಾತೂ ಖರೆ ಎಂದು ಇವತ್ತು ಶಾಲೆಯ ಮಕ್ಕಳಿಗೂ ಗೊತ್ತು. ಅವತ್ತು ಅವನು ಹೇಳಿದ ಒಂದೊಂದು ಖರೆಯೂ ಅವನ ಕೊರಳಿಗೆ ಒಂದೊಂದು ಸುತ್ತು ಹಗ್ಗ ಬಿಗಿಯಿತು.

"ಎಲುಬು ಇಷ್ಟು ಸಾಫ್ ಹೆಂಗಾದ್ವು?"

"ಮಳಲಲ್ಲಿ ಹುಗೀತೆ. ಮತ್ತೆ ತೆಗ್ದು ಕುದಿಸ್ತೆ. ಉಪ್ಪು ಹಾಕ್ತೆ. ತುಂಡು ತಪ್ಪಬಾರ್ದು ಅಂತ ಹುರೀಲಿ ಕಟ್ತೆ. ಇದೇ ನನ್ನ ಕಸುಬು ಒಡ್ಯಾ. ಹೈದರಾಬಾದಿನ ನವಾಬರಿಗೆ ಪ್ರಾಣಿ ಎಲುಬು ನಿಲ್ಲಿಸಿಡೂ ಹುಚ್ಚು. ಅವರಿಗೇ ಇದು."

ಹೊರಗೆ ಕಿಟಕಿಯಲ್ಲಿ ನಿಂತವರು "ಕುದಿಸ್ಯಾನಂತ!" ಎಂದು ಹಿಂದಿನವರಿಗೆ ಕೂಗಿ ಹೇಳಿದರು. ಒಬ್ಬ ಹೆಂಗಸು ಅಲ್ಲೇ ವಾಂತಿ ಮಾಡಿಕೊಂಡಳು.

"ಮೀನಂತೀದಿ. ತತ್ತಿ ಇಡ್ತದೇನು?" ಜಮಾದಾರನ ಮುಂದಿನ ಪ್ರಶ್ನೆ.

"ಇಲ್ಲ ಒಡ್ಯಾ, ಮರಿ ಹಾಕ್ತದೆ. ಮರಿಗೆ ಹಾಲು ಕೊಡ್ತದೆ."

ಜಮಾದಾರ ಎದ್ದು ಕಪಾಳಕ್ಕೆ ಬಿಟ್ಟ. "ಮೀನು ಹಾಲು ಕೊಡ್ತದ? ನೀ ಹಿಂಡೀದಿ? ಮೊಸರು ಹಾಕೀದಿ?"

ಕಿಟಕಿಯಲ್ಲಿ ನಗೆ ಎದ್ದಿತು. ಜಟ್ಟಿಗೆ ಅಲ್ಲಿಗೆ ಸುಮ್ಮನಿರಬೇಕು ಎಂದು ತಿಳಿಯಲಿಲ್ಲ. ಅವನು ಮಾತುಗಾರ, ಮೇಲಾಗಿ ತನ್ನ ಕಡಲಿನ ಬಗ್ಗೆ ಜಂಬ. ನಮಗೆ ಪಾಠ ಹೇಳುವ ಹುರುಪಿನಲ್ಲಿ ತನ್ನ ಗೋರಿ ತಾನೇ ತೋಡಿಕೊಳ್ಳತೊಡಗಿದ. ಹಂದಿಮೀನು ನೀರಿನಲ್ಲಿದ್ದರೂ ಉಸಿರಿಗೆ ಮೇಲೆ ಬರಬೇಕಂತೆ, ಇಲ್ಲವಾದರೆ ಮುಳುಗಿ ಸಾಯುತ್ತದಂತೆ. ಮೂಗು ನೆತ್ತಿಯ ಮೇಲಂತೆ. ನೆತ್ತರು ನಮ್ಮ ಹಾಗೆ ಬೆಚ್ಚಗಂತೆ. ಅವರ ಅಳಿವೆಯಲ್ಲಿ ಗೂನು ಬೆನ್ನಿನ ಒಂದು ಜಾತಿ, ನಡುಗಡಲಿನಲ್ಲಿ ಬುಗುರಿಯ ಹಾಗೆ ತಿರುಗಿ ಹಾರುವ ಇನ್ನೊಂದು, ಬೆನ್ನ ಮೇಲೆ ರೆಕ್ಕೆಯೇ ಇಲ್ಲದ, ಮೂತಿಯೂ ಇಲ್ಲದ ಬೋಳು ತಲೆಯ ಸಣ್ಣದೊಂದು. ಇವೆಲ್ಲಕ್ಕಿಂತ ದೊಡ್ಡದು ತಿಮಿಂಗಿಲ, ಅದರಲ್ಲಿ ಒಂದಕ್ಕೆ ಹಲ್ಲೇ ಇಲ್ಲ, ಬಾಯಿ ತುಂಬ ಬಾಚಣಿಗೆ.

"ಬರೀಬ್ಯಾಡ ತಮ್ಮಾ" ಎಂದು ಜಮಾದಾರ ನನಗೆ ಹೇಳಿದ. "ಹುಚ್ಚರ ಸೋಗು ಹಾಕಲಿಕತ್ತಾನ."

ಅಮೀನ್ ಸಾಹೇಬರು ನವಾಬರಿಗೆ ತಾರು ಕಳಿಸಿದರು. ನವಾಬರು ಶಿಕಾರಿಗೆ ಹೋಗಿದ್ದಾರೆ, ಯಾವಾಗ ಬರುತ್ತಾರೋ ಗೊತ್ತಿಲ್ಲ ಎಂದು ಉತ್ತರ ಬಂತು. ಹೊಟಗಿಗೂ ತಾರು ಹೋಯಿತು, ಅಲ್ಲಿಂದ ಉತ್ತರವೇ ಇಲ್ಲ. ಹೊರಗೆ ಜನ ಹೆಚ್ಚಾಗುತ್ತಿದ್ದರು. "ನಮ್ಮ ಕೈಗಿ ಕೊಡ್ರಿ ಅವನ್ನ" ಎಂದು ಕೂಗು ಎದ್ದಿತು. ಬಾಗಿಲಿಗೆ ಕಲ್ಲು ಬಿತ್ತು. ಜಟ್ಟಿಯ ಮುಖದಲ್ಲಿ ನಗು ಆರಿದ್ದು ಆಗಲೇ. ತಾನು ಎಲ್ಲಿ ಸಿಕ್ಕಿಬಿದ್ದೆ ಎಂದು ಅವನಿಗೆ ತಿಳಿದದ್ದು ಆಗಲೇ. "ನನ್ನ ಮನೇಲಿ ಆಯಿ ಒಬ್ಳೇ ಇದ್ದಾಳೆ" ಎಂದು ನನ್ನ ಕಡೆ ನೋಡಿ ಹೇಳಿದ. ಅವರ ಕಡೆ ಆಯಿ ಎಂದರೆ ತಾಯಿ.

ಜಮಾದಾರ ಒಂದು ಇತ್ಯರ್ಥಕ್ಕೆ ಬಂದ. ನೀಲವ್ವನ ತಾಯಿಯನ್ನು ಕರೆಸುವುದು. ಇವು ನನ್ನ ಮಗಳ ಎಲುಬು ಎಂದು ಅವಳು ಹೂಂ ಅಂದರೆ ಸಾಕು, ಇವತ್ತೇ ಬೇಡಿ ಹಾಕಿ ಗುಲಬರ್ಗಾಕ್ಕೆ ಒಯ್ಯುವುದು. ಮುಂದಿನದು ಕೋರ್ಟು, ಅದರ ಮುಂದಿನದು ಫಾಸಿ. ಅಮೀನ್ ಸಾಹೇಬರು ಏನೋ ಹೇಳಲು ಹೋದರು. ಆದರೆ ಅವರಿಗೂ ಮನಸ್ಸಿನಲ್ಲಿ ಅನುಮಾನ ಇತ್ತು, ನನಗೂ ಇತ್ತು. ಆ ಕೈಯನ್ನು ನೋಡಿದ ಯಾರಿಗೂ ಅದು ಮೀನಿನದು ಎಂದು ನಂಬಲು ಆಗುತ್ತಿರಲಿಲ್ಲ.

ಮಧ್ಯಾಹ್ನದ ರೈಲಿಗೆ ತಾಯಿ ಬಸಮ್ಮ ಬಂದರು. ಹೆಸರು ಬದಲಿಸಿದ್ದೇನೆ. ಬಿಳಿಕೂದಲು, ತಲೆ ತುಂಬ ಸೆರಗು, ಕೊರಳಲ್ಲಿ ಲಿಂಗ. ಸಂಗಡ ಅವರ ಮೈದುನ ಮಲ್ಲಪ್ಪ, ಹುರಿಮೀಸೆಯ ಕಟ್ಟುಮಸ್ತಾದ ಆಳು. ಓಡಿಹೋದವಳು ಸಿಕ್ಕರೆ ಕಡಿದು ಹಾಕುತ್ತೇನೆ ಎಂದು ಊರ ಕಟ್ಟೆಯಲ್ಲಿ ಕೂತು ಹೇಳಿದವನು ಇವನೇ ಎಂದು ಜನ ಪಿಸುಗುಟ್ಟಿದರು.

ಬಿಳಿ ಬಟ್ಟೆಯ ಮೇಲೆ ಎಲುಬುಗಳನ್ನು ಜೋಡಿಸಿಟ್ಟಿತ್ತು. ಮಲ್ಲಪ್ಪ ಹೊಸ್ತಿಲು ದಾಟಿದವನೇ, ಸರಿಯಾಗಿ ನೋಡುವ ಮುಂಚೆಯೇ, "ನಮ್ಮ ಹುಡುಗೀದೇ ಅದ!" ಎಂದು ಗಟ್ಟಿಯಾಗಿ ಹೇಳಿದ. ಅವನ ಮುಖದಲ್ಲಿ ದುಃಖ ಇರಲಿಲ್ಲ. ಹೆಗಲಿನ ಭಾರ ಇಳಿಸಿದವನ ನೆಮ್ಮದಿ ಇತ್ತು. ಅಣ್ಣನ ಮಗಳು ಕೊಲೆಯಾದಳು ಎಂದು ಒಬ್ಬ ಮನುಷ್ಯ ಹಿಗ್ಗುವುದನ್ನು ನಾನು ಕಣ್ಣಾರೆ ಕಂಡೆ.

ಅವನು ಅತ್ತಿಗೆಯ ಕಿವಿಯ ಹತ್ತಿರ ಬಾಗಿದ. ಬರೆಯಲು ಕೂತ ನನಗೆ ಕೇಳಿಸಿತು.

"ಹೂಂ ಅನ್ನು ಅತ್ತಿಗಿ. ಮನಿ ಮರ್ಯಾದಿ ಉಳಿತದ. ಒಯ್ದು ಮಣ್ಣು ಕೊಡಮು. ಇನ್ನ ಯಾರೂ ಬಾಯಿ ಬಿಡಂಗಿಲ್ಲ."

ಬಸಮ್ಮ ನೆಲಕ್ಕೆ ಕೂತರು. ಒಂದು ಕೈಯನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡರು. ಅಳಲಿಲ್ಲ. ನಮ್ಮ ಮನೆಗಳಲ್ಲಿ ಹೆಂಗಸರು ಜಪಕ್ಕೆ ಕೂತಾಗ ಹೆಬ್ಬೆರಳನ್ನು ಉಳಿದ ಬೆರಳುಗಳ ಗಣ್ಣಿನಿಂದ ಗಣ್ಣಿಗೆ ಸರಿಸುತ್ತ ಎಣಿಸುತ್ತಾರೆ. ಹಾಗೆ ಅವರ ಹೆಬ್ಬೆರಳು ಆ ಎಲುಬಿನ ಬೆರಳುಗಳ ಮೇಲೆ ಸರಿಯತೊಡಗಿತು, ತುಟಿ ಅಲುಗುತ್ತಿತ್ತು. ಶಿವನಾಮ ನೆನೆಯುತ್ತಿದ್ದಾರೆ ಎಂದು ಜನ ಕೈ ಮುಗಿದರು. ಗೋಡೆಗೆ ಒರಗಿ ಕೂತಿದ್ದ ಜಟ್ಟಿ ಉಸಿರು ಹಿಡಿದು ನೋಡುತ್ತಿದ್ದ. ಅವನ ತುಟಿ ಒಡೆದು ನೆತ್ತರು ಹೆಪ್ಪುಗಟ್ಟಿತ್ತು.

ಹೆಬ್ಬೆರಳು ಒಂದು ಕಡೆ ನಿಂತಿತು. ಹಿಂದಕ್ಕೆ ಬಂತು. ಮತ್ತೆ ಮುಂದೆ ಹೋಯಿತು.

"ಇದು ನನ್ನ ಮಗಳದಲ್ಲ" ಎಂದರು ಬಸಮ್ಮ.

"ಏನ್ ಮಾತಾಡ್ತಿ ಅತ್ತಿಗಿ!" ಮಲ್ಲಪ್ಪ ಗುಡುಗಿದ.

"ಹೆಂಗ ಹೇಳ್ತಿ ಅವ್ವಾ?" ಎಂದ ಜಮಾದಾರ.

"ನಿಮ್ಮ ಬೆರಳಿಗಿ ಗಣ್ಣೆಷ್ಟ್ರಿ?"

ಜಮಾದಾರ ತನ್ನ ಕೈ ನೋಡಿಕೊಂಡ. ಕಿಟಕಿಯಲ್ಲಿದ್ದವರು ತಮ್ಮ ತಮ್ಮ ಕೈ ನೋಡಿಕೊಂಡರು. ಕಲ್ಲು ಹಿಡಿದಿದ್ದವರು ಕಲ್ಲು ಕೆಳಗಿಟ್ಟು ನೋಡಿಕೊಂಡರು. ಐದು ಹೊತ್ತು ನಮಾಜಿನ ನಂತರ ಬೆರಳ ಗಣ್ಣಿನ ಮೇಲೆ ತಸಬೀ ಎಣಿಸುವ ಅಮೀನ್ ಸಾಹೇಬರೂ ಅಷ್ಟು ದೊಡ್ಡ ಜನದ ನಡುವೆ ಮಕ್ಕಳಂತೆ ಬೆರಳು ಮುಟ್ಟಿಕೊಂಡು "ಮೂರು" ಎಂದರು.

"ನನ್ನ ಮಗಳಿಗೂ ಮೂರು" ಎಂದರು ಬಸಮ್ಮ. "ಇದಕ್ಕ ಏಳು ಅವ. ಬಾಜೂಕಿಂದಕ್ಕ ಆರು ಅವ. ಎಣಿಸ್ರಿ."

ಎಣಿಸಿದೆವು. ಜಮಾದಾರ ಎರಡು ಸಲ ಎಣಿಸಿದ. ಮುಂಜಾನೆಯಿಂದ ಅಷ್ಟು ಕಣ್ಣುಗಳು ಆ ಕೈಯನ್ನು ನೋಡಿದ್ದವು, ಒಂದಕ್ಕೂ ಇದು ಕಂಡಿರಲಿಲ್ಲ. ಐದು ಬೆ‌ರಳು ಕಂಡದ್ದೇ ನಮ್ಮ ಬುದ್ಧಿಗೆ ಬಾಗಿಲು ಹಾಕಿತ್ತು. ಹುರಿ ಹಾಕಿ ಕಟ್ಟಿದ ಜಟ್ಟಿಯೇ ಹಣೆ ಬಡಿದುಕೊಂಡು, "ನಾನೇ ಕಟ್ಟಿದ್ದಲ್ರಾ, ನನಗೇ ಹೊಳೀಲಿಲ್ಲಲ್ರಾ!" ಎಂದು ಅತ್ತ. ಮಲ್ಲಪ್ಪ ಬಿಡಲಿಲ್ಲ. ಎಲುಬು ಕಲಸಿ ಕಟ್ಟಿದ್ದಾನೆ, ಮುದುಕಿಗೆ ತಲೆ ಕೆಟ್ಟಿದೆ ಎಂದು ಕೂಗಾಡಿದ. ಆದರೆ ಜನ ಆಗಲೇ ಚೆದುರುತ್ತಿದ್ದರು. ಹೆಣ್ಣಿನ ಎಲುಬಲ್ಲ ಎಂದ ಮೇಲೆ ಅವರಿಗೆ ಅಲ್ಲಿ ಕೆಲಸವಿರಲಿಲ್ಲ. ಹೋಗುವಾಗ ಒಬ್ಬಿಬ್ಬರು ಮಲ್ಲಪ್ಪನಿಗೆ ಕೇಳುವ ಹಾಗೆ, "ಅಂದ್ರ ಓಡೇ ಹೋಗ್ಯಾಳ" ಎಂದು ಆಡಿಕೊಂಡರು. ಅವನು ಅತ್ತಿಗೆಯ ಕಡೆ ಉಗುಳಿ, "ನಡಕೋತ ಬಾ ಊರಿಗಿ" ಎಂದು ಹೇಳಿ ಹೊರಟುಹೋದ.

ಇನ್ನೊಂದು ರೈಲಿಗೆ ಹೊಟಗಿಯಿಂದ ಎರಡನೆಯ ಪೆಟ್ಟಿಗೆ ಬಂತು. ಜಟ್ಟಿ ಬಿಚ್ಚಿ ತೋರಿಸಿದ. ಮೊಳದುದ್ದ ಕೊಕ್ಕು, ಅದರ ತುಂಬ ಒಂದೇ ಸಮನಾದ ಚೂಪು ಹಲ್ಲು, ನೆತ್ತಿಯ ಮೇಲೆ ನಿಜವಾಗಿಯೂ ಮೂಗಿನ ತೂತು. ಜಮಾದಾರ ಎರಡು ಹೆಜ್ಜೆ ಹಿಂದೆ ಸರಿದು "ಯಾ ಅಲ್ಲಾ" ಎಂದ. ಹಾಲಿನ ಮಾತು ಆಗ ಅವನಿಗೆ ನೆನಪಾಗಿರಬೇಕು, ಜಟ್ಟಿಗೆ ಚಹಾ ತರಿಸಿಕೊಟ್ಟ. ಅಮೀನ್ ಸಾಹೇಬರಿಗೆ ಬೇರೆಯೇ ಚಿಂತೆ. ಮೀನೆಂದು ಸುಂಕ ಹಾಕೋಣವೆಂದರೆ ಮೀನಲ್ಲ, ದನದ ಎಲುಬು ಎನ್ನೋಣವೆಂದರೆ ಸಮುದ್ರದ್ದು. ಕೊನೆಗೆ "ನವಾಬರ ಆಟಿಗಿ ಸಾಮಾನು" ಎಂದು ಬರೆಸಿ ಸಾಗಹಾಕಿದರು. ಜಟ್ಟಿ ಹೈದರಾಬಾದಿನ ರೈಲು ಹತ್ತುವ ಮುಂಚೆ ಬಸಮ್ಮನ ಕಾಲು ಹಿಡಿದು ಬಹಳ ಹೊತ್ತು ಬಿಡಲಿಲ್ಲ. "ಏಳಪ್ಪ, ನಿನ್ನ ತಾಯಿ ಹಾದಿ ನೋಡ್ತಿರ್ತಾಳ" ಎಂದಷ್ಟೇ ಅವರು ಹೇಳಿದರು.

ಅವರನ್ನು ಶಹಾಬಾದಿನ ರೈಲಿಗೆ ಹತ್ತಿಸಿ ಬಾ ಎಂದು ಸಾಹೇಬರು ನನ್ನನ್ನು ಕಳಿಸಿದರು. ಇಳಿಹೊತ್ತಿನ ಬಿಸಿಲು. ಕಲ್ಲುಬೆಂಚಿನ ಮೇಲೆ ಇಬ್ಬರೇ ಕೂತೆವು. ನಾನು ಇನ್ನೂ ಬೆರಗಿನಲ್ಲೇ ಇದ್ದೆ.

"ಅವ್ವಾ, ನಾವೆಲ್ಲ ಮುಂಜಾನಿಂದ ನೋಡೇ ನೋಡಿದ್ವಿ. ಗಣ್ಣು ಎಣಸೋದು ನಿನಗ ಹೆಂಗ ಹೊಳೀತು?"

ಅವರು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. "ಯಾವೂರು ತಮ್ಮಾ?"

"ದಂಡೋತಿ."

"ಲಿಂಗ ಕಟ್ಟೀದಿ?"

"ಹೂಂ."

"ಮುಟ್ಟಿ ಆಣಿ ಮಾಡು. ಯಾರ ಮುಂದೂ ಹೇಳಂಗಿಲ್ಲ."

ಅಂಗಿಯ ಮೇಲಿನಿಂದಲೇ ಲಿಂಗ ಮುಟ್ಟಿದೆ. ಆ ಮನೆಯವರು ಇವತ್ತು ಯಾರೂ ಉಳಿದಿಲ್ಲ, ಆಣೆಯ ಹಂಗು ತೀರಿದೆ ಎಂದು ನನ್ನ ನಂಬಿಕೆ. ತಪ್ಪಿದ್ದರೆ ಶಿವ ನೋಡಿಕೊಳ್ಳಲಿ.

"ನನ್ನ ಮಗಳು ಸತ್ತಿಲ್ಲ" ಎಂದರು ಬಸಮ್ಮ. "ಸೊಲ್ಲಾಪುರದಾಗ ಅದಾಳ, ಆ ಗಣಿ ಕೆಲಸದವನ ಜೋಡಿ. ನಾನೇ ಬುತ್ತಿ ಕಟ್ಟಿ ಕಳಿಸೀನಿ."

ಮುಂಜಾನೆ ಪೆಟ್ಟಿಗೆಯಿಂದ ಕೈ ಚಾಚಿದಾಗಲೂ ನಾನು ಅಷ್ಟು ಬೆಚ್ಚಿರಲಿಲ್ಲ. ನಡೆದದ್ದರ ಅರ್ಥ ನಿಧಾನವಾಗಿ ತಲೆಗೆ ಇಳಿಯಿತು. ಹೂಂ ಎಂದಿದ್ದರೆ ಮನೆಯ ಮರ್ಯಾದೆ ಉಳಿಯುತ್ತಿತ್ತು. ಮಲ್ಲಪ್ಪ ಹುಡುಕುವುದನ್ನು ಬಿಡುತ್ತಿದ್ದ. ಮಗಳು ಸೊಲ್ಲಾಪುರದಲ್ಲಿ ನಿಶ್ಚಿಂತೆಯಿಂದ ಬಾಳುತ್ತಿದ್ದಳು. ಹೋಗುವುದು ಗುರುತು ಪರಿಚಯವಿಲ್ಲದ ಒಬ್ಬ ಬೆಸ್ತನ ಜೀವ. ಕೇಳುವವರು ಯಾರು?

"ಹೂಂ ಅನ್ನಲಿಕ್ಕೇ ಬಂದಿದ್ದೆ ತಮ್ಮಾ" ಎಂದರು ಅವರು, ನಾನು ಕೇಳುವ ಮುಂಚೆಯೇ. "ದೇವರೇ ಕೊಟ್ಟ ಎಲುಬು ಅಂತ ತಿಳಕೊಂಡು ಬಂದಿದ್ದೆ. ಒಳಗ ಬಂದು ಆ ಹುಡುಗನ್ನ ನೋಡ್ದೆ. ಹೂಂ ಅನ್ನಲಿಕ್ಕ ಬಾಯಿ ಬರಲಿಲ್ಲ. ಅಲ್ಲ ಅಂದ್ರ, ಯಾಕ ಅಲ್ಲ ಅಂತ ಕೇಳ್ತಾರ. ಬದುಕ್ಯಾಳ ಅಂತ ಹೇಳಲಿಕ್ಕ ಬರ್ತದ? ಏನರೇ ಒಂದು ಫರಕು ತೋರ್ಸಪ್ಪ ಶಿವನೇ ಅಂತ ಆ ಎಲುಬು ತಡವಿಕೋತ ಕುಂತೆ. ಗಣ್ಣು ಹೆಚ್ಚಾದ್ವು."

ದೂರದಲ್ಲಿ ರೈಲಿನ ಸೀಟಿ ಕೇಳಿಸಿತು. ಕೇಳಬಾರದಿತ್ತು, ಆದರೆ ಕೇಳದೆ ಇರಲು ನನ್ನಿಂದ ಆಗಲಿಲ್ಲ.

"ಗಣ್ಣು ಮೂರೇ ಇದ್ದಿದ್ರ?"

ಬಸಮ್ಮ ಸೊಲ್ಲಾಪುರದ ಕಡೆಯ ಹಳಿಗಳನ್ನು ನೋಡುತ್ತ ಕೂತರು.

"ಗೊತ್ತಿಲ್ಲ ತಮ್ಮಾ. ಆ ಹುಡುಗಗೂ ಒಬ್ಬಾಕಿ ತಾಯಿ ಅದಾಳಂತ ಖರೇ ಹೇಳ್ತಿದ್ನೋ, ನಾನೂ ತಾಯಿ ಅಂತ ಹೂಂ ಅಂತಿದ್ನೋ. ಅವನದರೇ, ನನ್ನ ಮಗಳದರೇ, ಎರಡರಾಗ ಒಂದು ಹೆಣ ಬೀಳೋದೇ ಇತ್ತು. ನನ್ನ ಕೈಲೇ ಬೀಳೋದಿತ್ತು."

ರೈಲು ಬಂದು ನಿಂತಿತು. ಹೆಂಗಸರ ಡಬ್ಬಿಯ ಬಾಗಿಲು ತೆಗೆದು, ಹತ್ತಿಸಲೆಂದು ಕೈ ನೀಡಿದೆ. ಅವರು ಅದನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡು, ಒಂದು ಬೆರಳಿನ ಮೇಲೆ ಹೆಬ್ಬೆರಳು ಸರಿಸಿ ಮೂರು ಗಣ್ಣನ್ನೂ ಎಣಿಸಿದರು. ಆಮೇಲೆ ತಾವೇ ಕಂಬಿ ಹಿಡಿದು ಹತ್ತಿದರು.